ನೂರಕ್ಕೆ ಮೂವತ್ತೆಂಟು

ತಲೆನೋವೆಂದು ಬಂದ ನೂರು ಜನರಲ್ಲಿ ಡಾಕ್ಟರ್ ಕೊರಿನ್ ಓಸ್ಟ್‌ಬಿ ಮೂವತ್ತೆಂಟು ಜನರನ್ನು ಸ್ಕ್ಯಾನಿಗೆ ಕಳುಹಿಸುತ್ತಿದ್ದಳು. ಡಾಕ್ಟರ್ ರಿಜ್ವೇ ಕಳುಹಿಸುತ್ತಿದ್ದದ್ದು ಹದಿನಾಲ್ಕು ಜನರನ್ನು. ಲೆಕ್ಕ ನನ್ನದು. ನಮ್ಮ ಆಸ್ಪತ್ರೆಗೆ ಇರುವ ಡಾಕ್ಟರುಗಳು ಈ ಇಬ್ಬರೇ. ಆಡಳಿತ ಮಂಡಳಿಯ ಏಳು ಮಂದಿಯಲ್ಲಿ ಗಣಿತ ಬಲ್ಲವನು ನಾನೊಬ್ಬನೇ. ಮೂವತ್ತನಾಲ್ಕು ವರ್ಷ ಇಲ್ಲಿನ ಶಾಲೆಯಲ್ಲಿ ಅದನ್ನೇ ಕಲಿಸಿದೆ. ಕೊರಿನ್ ನನ್ನ ಶಿಷ್ಯೆ.

ಅವಳ ಸ್ಕ್ಯಾನುಗಳು ಹೆಚ್ಚಾದವೆಂದು ವಿಮೆಯವರ ಆಕ್ಷೇಪ ಬಂದಿತ್ತು. ಅವಳನ್ನು ಕೆಲಸದಲ್ಲಿ ಮುಂದುವರಿಸಬೇಕೇ ಎಂಬುದು ಸೋಮವಾರದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಅಧ್ಯಕ್ಷ ವೆಂಡಲ್ ಸ್ಕೂಗ್ ಫೋನ್ ಮಾಡಿದ.

"ಲಾಹ್ತಿ, ನಿನ್ನ ಓಟು ಯಾವ ಕಡೆ ಅಂತ ಕೇಳೋದೇ ಬೇಡ ಬಿಡು. ಎಲ್ಮಾ ವಿಷಯ ಊರಿಗೇ ಗೊತ್ತು."

ಎಲ್ಮಾ ನನ್ನ ಹೆಂಡತಿ. ಆರು ವರ್ಷಗಳ ಹಿಂದೆ, ಮಾರ್ಚ್‌ನಲ್ಲಿ, ತಲೆನೋವೆಂದು ಹೋದಳು. ಕೊರಿನ್ ಪರೀಕ್ಷಿಸಿ, ಮಾತ್ರೆ ಕೊಟ್ಟು ಮನೆಗೆ ಕಳುಹಿಸಿದಳು. ಮೂರನೆಯ ದಿನ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಡುಲೂತ್ ನಗರದ ದೊಡ್ಡ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ಬಟ್ಟೆಗಳನ್ನು ಚರ್ಚಿಗೆ ಕೊಟ್ಟೆ. ಅತ್ತಿದ್ದು ನೆನಪಿಲ್ಲ.

ಸಭೆಗೆ ಮುನ್ನ ಅಂಕಿಗಳನ್ನು ತಿಂಗಳುವಾರು ವಿಂಗಡಿಸಿದೆ. ಆ ಮಾರ್ಚ್‌ವರೆಗೆ ಕೊರಿನ್‌ಳದು ನೂರಕ್ಕೆ ಹದಿನೈದು. ಏಪ್ರಿಲ್‌ನಿಂದ ಮೂವತ್ತೆಂಟು. ನಡುವೆ ಏರಿಕೆಯಿಲ್ಲ, ಒಂದೇ ಮೆಟ್ಟಿಲು. ಹಾಳೆ ಹಿಡಿದು ಅವಳ ಕೋಣೆಗೆ ಹೋದೆ.

"ಗೊತ್ತು ಮೇಷ್ಟ್ರೇ. ಹೊಸದಾಗಿ ಕಂಡುಹಿಡಿದವರ ಹಾಗೆ ತಂದು ತೋರಿಸ್ತೀರಲ್ಲ," ಎಂದಳು.

"ಕಾರಣ ಹೇಳು."

"ವಾರಕ್ಕೊಂದ್ಸಲ ದಿನಸಿ ಅಂಗಡೀಲಿ ನಿಮ್ಮನ್ನ ನೋಡ್ತೀನಿ. ಹಾಲಿನ ಡಬ್ಬಿ ಚಿಕ್ಕದು ತಗೋತೀರಿ. ಮೊದಲು ದೊಡ್ಡದು ತಗೋತಿದ್ರಿ. ಅಷ್ಟೇ ಕಾರಣ."

ನಾನು ಹಾಳೆಯಲ್ಲಿ ಹದಿನಾಲ್ಕರ ಮೇಲೆ ಬೆರಳಿಟ್ಟೆ. "ರಿಜ್ವೇಗೆ ಅಂಥ ಕಾರಣ ಇಲ್ವಾ?"

"ಅವರು ಸೋಮವಾರ ಡುಲೂತ್‌ನಿಂದ ಬರ್ತಾರೆ, ಗುರುವಾರ ಹೊರಟುಬಿಡ್ತಾರೆ. ಅವರು ಮನೆಗೆ ಕಳಿಸಿದವರಿಗೆ ಹೆಚ್ಚುಕಮ್ಮಿ ಆದ್ರೆ ಆ ರೋಗಿಗಳು ಸೀದಾ ಅಲ್ಲಿನ ದೊಡ್ಡಾಸ್ಪತ್ರೆಗೆ ಹೋಗ್ತಾರೆ. ಈ ಊರಲ್ಲಿ ಇರದ ರಿಜ್ವೇ ಕಿವಿಗೆ ಹೇಗೆ ಬೀಳತ್ತೆ? ಕೆಟ್ಟ ಡಾಕ್ಟರಲ್ಲ ಅವರು. ಪುಣ್ಯವಂತರು."

"ನಿನ್ನ ಮೂವತ್ತೆಂಟರಲ್ಲಿ ಎಷ್ಟು ಜನಕ್ಕೆ ಏನಾದ್ರೂ ಸಿಗತ್ತೆ?"

"ಒಬ್ಬರಿಗೆ. ಕೆಲವು ಸಲ ಅದೂ ಇಲ್ಲ."

ಅವಳು ಸುಳ್ಳು ಹೇಳಲಿಲ್ಲ. ನನ್ನ ಹಾಳೆಯೂ ಅದನ್ನೇ ಹೇಳುತ್ತಿತ್ತು.

ಸೋಮವಾರ ವೆಂಡಲ್ ಎರಡೂ ಸಂಖ್ಯೆಗಳನ್ನು ಓದಿ, "ಕಡಿಮೆ ಸ್ಕ್ಯಾನು, ಆದ್ರೂ ರಿಜ್ವೇ ಕೈಯಲ್ಲಿ ತಪ್ಪಾಗಿದ್ದು ಸೊನ್ನೆ," ಎಂದ.

"ಸೊನ್ನೆ ಅಲ್ಲ. ಗೊತ್ತಿಲ್ಲ. ಅವೆರಡೂ ಬೇರೆ."

"ಶುರುವಾಯ್ತಪ್ಪಾ ಪಾಠ," ಎಂದಳು ಔಷಧಿ ಅಂಗಡಿಯ ಜಿನ್ನಿ. "ಹೋಂವರ್ಕ್ ಕೊಡ್ಬೇಡಿ ಮೇಷ್ಟ್ರೇ, ಕಾಫಿ ಆರ್ತಿದೆ."

ಕೆಲವರು ನಕ್ಕರು. ಡುಲೂತ್‌ಗೆ ಪತ್ರ ಬರೆದು, ಇಲ್ಲಿಂದ ಮನೆಗೆ ಹೋದವರಲ್ಲಿ ಎಷ್ಟು ಜನ ಅಲ್ಲಿಗೆ ಬಂದರೆಂದು ಕೇಳೋಣ ಎಂದೆ. ಯಾರೂ ಒಪ್ಪಲಿಲ್ಲ. ಅನಂತರ ಮತ. ಮೂವರು ಅವಳು ಬೇಡವೆಂದರು, ಮೂವರು ಇರಲೆಂದರು. ಏಳನೆಯವನಾಗಿ ನಾನು ಇರಲೆಂದು ಕೈ ಎತ್ತಿದೆ.

ವೆಂಡಲ್ ನನ್ನನ್ನೇ ನೋಡಿದ. "ನಿಂಗೇನಾಗಿದೆಯೋ?"

ಎತ್ತಿದ ಕೈಯನ್ನು ನಾನು ಇಳಿಸಲಿಲ್ಲ. ಅವನು ಒಂದು ಷರತ್ತು ಹಾಕಿದ: ಮುಂದಿನ ತಿಂಗಳಿನಿಂದ ನೂರಕ್ಕೆ ಇಪ್ಪತ್ತು ಮೀರಕೂಡದು, ಮೀರಿದರೆ ಅವಳು ಹೊರಡಬೇಕು. ನನ್ನನ್ನು ಬಿಟ್ಟು ಆರೂ ಜನ ಒಪ್ಪಿದರು. ಎಣಿಸುವ ಕೆಲಸ ನನಗೆ ಬಂತು.

ತಿಂಗಳು ಮುಗಿದ ಮೇಲೆ, ಒಂದು ಮಧ್ಯಾಹ್ನ, ಎಣಿಸಿ ಕೊರಿನ್‌ಳ ಕೋಣೆಗೆ ಹೋದೆ. ನಲವತ್ತು ಜನರಲ್ಲಿ ಎಂಟು.

"ಇಪ್ಪತ್ತಕ್ಕೆ ಸರಿಯಾಗಿದೆ. ಕೆಲಸ ಉಳೀತು," ಎಂದೆ.

"ಮೊದಲಿನ ಹಾಗಾಗಿದ್ರೆ ಇನ್ನೂ ಏಳು ಜನರನ್ನ ಕಳಿಸ್ತಿದ್ದೆ," ಎಂದಳು ಕೊರಿನ್. ಮೇಜಿನ ಮೇಲೆ ಏಳು ಹೆಸರುಗಳ ಒಂದು ಚೀಟಿಯಿತ್ತು. "ಬೆಳಿಗ್ಗೆಯಿಂದ ಒಬ್ಬೊಬ್ಬರಿಗೇ ಫೋನ್ ಮಾಡ್ತಿದೀನಿ. ತಲೆನೋವು ಹೇಗಿದೆ ಅಂತ."

"ಎಷ್ಟು ಜನ ಎತ್ತಿದ್ರು?"

"ಆರು."

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಅವಳು ಏಳನೆಯವರ ಫೋನ್ ಸಂಖ್ಯೆಯನ್ನು ಮತ್ತೆ ಒತ್ತಿದಳು.