ಕೆಂಪು ಕಾಳು

"ಅಲ್ಲೇ ನಿಂತ್ಕೊಳೆ ಕಟುಕರೋಳೆ. ಇನ್ನೊಂದ್ ಹೆಜ್ಜೆ ಮುಂದಿಟ್ರೆ ಕಾಲು ಮುರಿದಾಕ್ತೀನಿ. ಚೀಲ ನೆಲಕ್ಕಾಕಿ ಹಿಂದಕ್ಕೋಗು."

ಗನ್ನನ್ ಅಕ್ಕಿಯ ಚೀಲವನ್ನು ಕ್ರೈಸ್ತ ದೇವಾಲಯದ ಅಂಗಳದಲ್ಲಿ ಇಟ್ಟು ಹಿಂದೆ ಸರಿದಳು. ಅಕ್ಕಿ ಗುಡಾಣ ಕಾಯುವ ಸಮ್ವಲ್‌ನ ಅವ್ವ ಬಿದಿರುಕೋಲಿನ ತುದಿಗೆ ಚೀಲದ ದಾರ ಸಿಕ್ಕಿಸಿ, ಸತ್ತ ಹಾವನ್ನು ಎತ್ತುವಂತೆ ಎತ್ತಿ, ಬಾಗಿಲಾಚೆಗಿದ್ದ ಬಾಯಿ ಒಡೆದ ಮಡಕೆಗೆ ಸುರಿದಳು. ಉಳಿದ ಹೆಂಗಸರ ಅಕ್ಕಿಯೆಲ್ಲ ಒಳಗಿದ್ದ ದೊಡ್ಡ ಗುಡಾಣಕ್ಕೆ ಬೀಳುತ್ತಿತ್ತು.

ಆ ಊರಿನ ಭಕ್ತ ಹೆಂಗಸರು ಎಸರಿಗೆ ಅಕ್ಕಿ ಹಾಕುವ ಮುನ್ನ ಮನೆಮಂದಿಯ ಒಬ್ಬೊಬ್ಬರ ಹೆಸರಲ್ಲೂ ಒಂದೊಂದು ಚಮಚ ತೆಗೆದಿಡುತ್ತಿದ್ದರು. ಭಾನುವಾರ ಅದು ಸಭೆಗೆ. ಅಲ್ಲಿಂದ ಹಸಿದವರಿಗೆ. ಗನ್ನನ್ ಗಂಡನ ಹೆಸರಲ್ಲಿ ಒಂದು, ತನ್ನ ಹೆಸರಲ್ಲಿ ಒಂದು, ಮಗಳ ಹೆಸರಲ್ಲಿ ಒಂದು ತೆಗೆಯುತ್ತಿದ್ದಳು. ಮಗಳ ಬಟ್ಟಲಲ್ಲಿ ಆ ಒಂದು ಚಮಚ ಕಡಿಮೆಯಾದದ್ದು ಕಣ್ಣಿಗೆ ಕಾಣುತ್ತಿತ್ತು. ಆದರೂ ತೆಗೆಯುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದ ಕಾಂಗ್ ಯಜಮಾನ ಮೆಲ್ಲಗೆ ನಕ್ಕ. ಊರಿನ ಅರ್ಧ ಗದ್ದೆ ಅವನದು, ಸಭೆಗೆ ಹಿರಿಯನೂ ಅವನೇ. ದನಿ ಎತ್ತಿ ಯಾರನ್ನೂ ಬೈದವನಲ್ಲ.

"ಬೇಜಾರು ಮಾಡ್ಕೋಬೇಡ. ದೇವರು ನೋಡೋದು ಮನಸ್ಸನ್ನ, ಮಡಕೇನಲ್ಲ. ನಿಮ್ಮ ಅಕ್ಕಿ ಸೇತುವೆ ಕೆಳಗಿನ ಭಿಕ್ಷುಕರಿಗೆ ಹೋಗುತ್ತೆ. ಅವರು ಜಾತಿ ಕೇಳಲ್ಲ."

"ಬುದ್ಧಿ," ಎಂದಳು ಗನ್ನನ್. ಸಮ್ವಲ್‌ನ ಅವ್ವನ ಬೆನ್ನಿಗೆ ಕಟ್ಟಿದ್ದ ಕೂಸಿಗೂ ತಲೆ ಬಾಗಿಸಿದಳು. ಒಕ್ಕಲು ಮನೆಯ ಹಾಲುಗೂಸಿಗೂ ಕಟುಕರು 'ಬುದ್ಧಿ' ಎನ್ನಬೇಕಿತ್ತು. ಕಟುಕರ ಹೆಂಗಸರ ಲಂಗದ ಮೇಲೆ ಜಾತಿಯ ಗುರುತಾಗಿದ್ದ ಕಪ್ಪುಪಟ್ಟಿ ಅರಸರ ಆಜ್ಞೆಯಿಂದ ಹೋಗಿ ಎಷ್ಟೋ ಕಾಲವಾಗಿತ್ತು. ಊರಿನ ಕಣ್ಣಿಂದ ಹೋಗಿರಲಿಲ್ಲ. ಹೊರದೇಶದ ಪಾದ್ರಿ ಇದ್ದಾಗ ಕಟುಕರನ್ನು ಒಳಗೆ ಕೂರಿಸುತ್ತಿದ್ದ. ಅವನು ಬೂಸಾನ್ ಪಟ್ಟಣಕ್ಕೆ ಹೋದನೆಂದರೆ ಅವರ ಜಾಗ ಮತ್ತೆ ಚಪ್ಪಲಿ ಬಿಡುವಲ್ಲಿ. ಈ ಸಲ ಹೋದವನು ಇನ್ನೂ ಮರಳಿರಲಿಲ್ಲ.

ಜವೆಗೋಧಿ ತೆನೆ ಇನ್ನೂ ಹಸಿರಾಗಿತ್ತು. ಹಳೆಯ ಅಕ್ಕಿ ಮುಗಿದು ಹೊಸ ಕಾಳು ಬಾರದ ಆ ತಿಂಗಳಲ್ಲಿ ಊರು ಬೇರು ಅಗೆದು ತಿನ್ನುತ್ತಿತ್ತು. ಅದೇ ತಿಂಗಳಲ್ಲಿ ಕಾಂಗ್ ಯಜಮಾನನಿಗೆ ಅರವತ್ತು ತುಂಬಿತು. ಹಬ್ಬದೂಟಕ್ಕೆ ಹಂದಿ ಕಡಿಯಲು ಗನ್ನನ್‌ಳ ಗಂಡ ಒಕ್ಸೆಗೆ ಕರೆ ಬಂತು.

ಒಕ್ಸೆ ಯಜಮಾನನ ಹಿತ್ತಲಲ್ಲಿ ಮಂಡಿಯೂರಿ, ಅಲ್ಲೇ ಸಾಕಿದ್ದ ಹಂದಿಯ ಹೊಟ್ಟೆ ಸೀಳಿ ಜಠರವನ್ನು ಹೆಂಡತಿಯ ಮುಂದೆ ಹಾಕಿದ. ಗನ್ನನ್ ಅದನ್ನು ಬಿಚ್ಚಿ ಮಗುಚಿ ತೊಳೆಯಹೋದವಳು ಕೈ ನಿಲ್ಲಿಸಿದಳು. ಒಳಗೆ ಅಕ್ಕಿಯಿತ್ತು. ನೆಂದು ಉಬ್ಬಿದ ಅಕ್ಕಿ, ಅದರ ತುಂಬ ಕೆಂಪು ಕಾಳು.

ಆ ಕೆಂಪು ಕಾಳು ಕಟುಕರ ಕೇರಿಯದು. ಅಂಗಡಿಯವರು ಒಳ್ಳೆಯ ಅಕ್ಕಿಯನ್ನು ಅವರಿಗೆ ಅಳೆಯುತ್ತಿರಲಿಲ್ಲ, ಗದ್ದೆಯ ಕಳೆಭತ್ತ ಬೆರೆತದ್ದನ್ನೇ ಕೊಡುತ್ತಿದ್ದರು. ಊರಲ್ಲಿ ಬೇರೆ ಯಾರ ಒಲೆಯ ಮೇಲೂ ಅದು ಬೇಯುತ್ತಿರಲಿಲ್ಲ.

ಒಕ್ಸೆ ಬಗ್ಗಿ ನೋಡಿದ. ಆಮೇಲೆ ಚೂರಿಯನ್ನು ತೊಡೆಗೆ ಒರೆಸಿಕೊಂಡು, "ಮಗಳ ಬಾಯಿಂದ ಕಿತ್ತು ಕಿತ್ತು ಮೇಯ್ಸಿದೀಯ. ಚೆನ್ನಾಗೇ ಕೊಬ್ಬೈತೆ ನೋಡು," ಎಂದ.

ಗನ್ನನ್ ಒಂದು ಹಿಡಿ ಕಾಳನ್ನು ನೀರಲ್ಲಿ ತೊಳೆದು ಅಂಗೈಯಲ್ಲಿಟ್ಟುಕೊಂಡಳು. ಆಗಲೇ ಮುಂಬಾಗಿಲಲ್ಲಿ ಯಾರೋ ಬೇಡುವ ದನಿ ಕೇಳಿತು. ಸಮ್ವಲ್‌ನ ಅವ್ವ. ಹೊಸ ಕಾಳು ಬರುವವರೆಗೆ ಗೇಣಿ ತಡೆಯಿರಿ ಎಂದು ಅವಳ ಗಂಡ ನಾಲ್ಕು ಜನರೆದುರು ಬಾಯಿಬಿಟ್ಟಿದ್ದಕ್ಕೆ ಯಜಮಾನ ಗದ್ದೆ ಬಿಡಿಸಿದ್ದ. ಗುಡಾಣ ಕಾಯುವ ಕೆಲಸವೂ ಹೋಗಿತ್ತು. ಈಗ ಸಭೆಯ ಗುಡಾಣದಿಂದ ಒಂದು ಬೊಗಸೆ ಕೇಳಲು ಬಂದಿದ್ದಳು. ಯಜಮಾನ ಸಮಾಧಾನವಾಗಿ ಹೇಳುತ್ತಿದ್ದ: ಅದು ದೇವರ ಅಕ್ಕಿ, ದೀನರಿಗೆ ಸೇರಬೇಕಾದ್ದು, ಎದುರು ನಿಂತವರಿಗಲ್ಲ. ಮನೆಗೆ ಹೋಗಿ ಪ್ರಾರ್ಥನೆ ಮಾಡು. ಗಂಡನಿಗೂ ಮಂಡಿಯೂರಲು ಕಲಿಸು.

ಬಾಗಿಲು ಮುಚ್ಚಿಕೊಂಡಿತು.

ಸಂಜೆ ಕೂಲಿಗೆ ಸಿಕ್ಕ ಕರುಳು ಹೊತ್ತು ಮರಳುವಾಗ ಹೊಳೆದಂಡೆಯಲ್ಲಿ ಸಮ್ವಲ್‌ನ ಅವ್ವ ಪೈನ್ ಮರದ ತೊಗಟೆ ಸುಲಿಯುತ್ತಿದ್ದುದನ್ನು ಗನ್ನನ್ ಕಂಡಳು. ಹಿರಿಯ ಮಗಳು ಸಮ್ವಲ್ ನೆಲದ ಮೇಲೆ ಕೂತು ತೊಗಟೆ ಅಗಿಯುತ್ತಿದ್ದಳು. ಬೆನ್ನಿನ ಕೂಸು ಅಳುವುದನ್ನೂ ಬಿಟ್ಟಿತ್ತು.

"ನಡಿ," ಎಂದ ಒಕ್ಸೆ. "ನಿನ್ ಚೀಲಾನ ಕೋಲಲ್ಲಿ ಎತ್ತಿದೋಳು."

"ಕೋಲು ಹಿಡ್ದಿದ್ದು ಅವ್ಳು. ಮಕ್ಕಳ ಹೊಟ್ಟೆ ಏನ್ ಹಿಡ್ದಿತ್ತು?"

"ನಮ್ ಮಗಳ ಹೊಟ್ಟೆಗೂ ಹಿಂಗೇ ಕೇಳಿದ್ರೆ ಚೆಂದಾಗಿರ್ತಿತ್ತು," ಎಂದು ಒಕ್ಸೆ ಮುಂದೆ ನಡೆದುಬಿಟ್ಟ. ಆ ಮಾತು ಗನ್ನನ್‌ಳಿಗೆ ನಾಟಿತು. ಮನೆಗೆ ಹೋಗಿ ಕರುಳು ಹೆಚ್ಚಿ, ಅಕ್ಕಿ ಹಾಕಿ ಗಂಜಿ ಕಾಯಿಸಿದಳು. ಮೊದಲ ಬಟ್ಟಲು ತುಂಬ ಮಗಳಿಗೆ ಹಾಕಿ, ಇನ್ನೊಂದನ್ನು ಹಿಡಿದು ಹೊಳೆಗೆ ಬಂದಳು.

ಸಮ್ವಲ್‌ನ ಅವ್ವ ಸುತ್ತಮುತ್ತ ನೋಡಿದಳು. "ಆ ಕಲ್ಲಿನ ಮ್ಯಾಲಿಟ್ಟು ನೀನೋಗು. ಆಮೇಲೆ ತಗೋತೀನಿ."

"ಹಂದಿಗೆ ಇಡೋದು ಹಂಗೆ. ಮನುಷ್ಯರಿಗೆ ಕೈಗೇ ಕೊಡೋದು."

"ನಿನ್ ಕೈಯಿಂದ ಉಂಡೆ ಅಂತ ಗೊತ್ತಾದ್ರೆ ನನ್ ಗಂಡ ಊರಲ್ಲಿ ತಲೆ ಎತ್ತಾಂಗಿಲ್ಲ."

"ಈಗ ಎತ್ಕೊಂಡವ್ನಾ?"

ಸಮ್ವಲ್‌ನ ಅವ್ವನ ಬಾಯಿಗೆ ಬೈಗುಳ ಬಂದು ಅಲ್ಲೇ ನಿಂತಿತು. ಗನ್ನನ್ ಅವಳನ್ನು ಬಿಟ್ಟು ಹುಡುಗಿಯ ಕಡೆ ತಿರುಗಿ, "ಬಾ ಮಗಾ," ಎಂದಳು. ಬುದ್ಧಿ ಎನ್ನಲಿಲ್ಲ. ಹುಡುಗಿ ತೊಗಟೆ ಉಗಿದು, ಎದ್ದು ಬಂದು ಬಟ್ಟಲಿಗೆ ಎರಡೂ ಕೈ ಹಚ್ಚಿದಳು.

ಆ ವಾರವೆಲ್ಲ ತಾಯಿ ಮಕ್ಕಳು ಕಟುಕರ ಕೇರಿಗೇ ಬಂದು ಉಂಡರು. ಸಮ್ವಲ್‌ನ ಅವ್ವ ಬಾಗಿಲ ಕಡೆ ಬೆನ್ನುಮಾಡಿ, ಬಗ್ಗಿ, ಕಳ್ಳಬೆಕ್ಕಿನಂತೆ ಉಣ್ಣುತ್ತಿದ್ದಳು. ಒಂದು ದಿನವೂ ಉಪಕಾರವೆನ್ನಲಿಲ್ಲ. ಹಂದಿ ಹೊಟ್ಟೆಯ ಕಾಳನ್ನು ಗನ್ನನ್ ತೋರಿಸಿದಾಗ ಮಾತ್ರ ತಲೆ ತಗ್ಗಿಸಿ, "ಗೊತ್ತಿತ್ತು. ನಾನೇ ಹೊತ್ಕೊಂಡೋಗಿ ಹಾಕ್ತಿದ್ದೆ," ಎಂದಳು. ಒಕ್ಸೆ ಎದ್ದು ಹೊರಗೆ ಹೋದ. ಗನ್ನನ್ ಕೈಯಲ್ಲಿದ್ದ ಸೌಟು ಗಂಜಿಯಲ್ಲೇ ನಿಂತಿತು. ಆಮೇಲೆ ಸಮ್ವಲ್‌ನ ಅವ್ವನ ಬಟ್ಟಲಿಗೆ ಬಡಿಸಿತು.

ಭಾನುವಾರ ಗುಡಾಣದ ಬಳಿ ಯಜಮಾನನ ಸೊಸೆ ಕೋಲು ಹಿಡಿದು ನಿಂತಿದ್ದಳು. ಗನ್ನನ್ ಚಪ್ಪಲಿ ಬಿಟ್ಟಳು. ಒಡೆದ ಮಡಕೆಯನ್ನು ದಾಟಿದಳು. ಅಡ್ಡ ಬಂದ ಕೋಲನ್ನು ತೋಳಿನಿಂದ ಸರಿಸಿ, ಒಳಗೆ ನಡೆದು, ಚೀಲವನ್ನು ಗುಡಾಣದ ಬಾಯಿಗೆ ಮಗುಚಿ ಮೊಣಕೈವರೆಗೆ ಕೈಯಿಳಿಸಿ ಕಲಸಿಬಿಟ್ಟಳು.

ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ್ದ ಪರದೆಯ ಆಚೆ ಹಾಡು ನಿಂತಿತು.

"ಏನ್ ಮಾಡ್ದೆ?" ಎಂದು ಕೇಳುತ್ತ ಯಜಮಾನ ಪರದೆ ಸರಿಸಿದ.

"ಹಸಿದೋರಿಗೆ ಅಂತ ಕೊಟ್ಟಿದ್ದು ಬುದ್ಧಿ. ನಿಮ್ ಹಂದಿ ಹಸಿದಿರ್ಲಿಲ್ಲ."

ಅವನ ಮುಖ ಕೆಂಪಾಗಲಿಲ್ಲ, ಬಿಳಿಚಿಕೊಂಡಿತು. ಕಟುಕರ ಕೈ ಬಿದ್ದಿತೆಂದು ಅಕ್ಕಿಯನ್ನು ಚೆಲ್ಲಿಸುವಂತಿರಲಿಲ್ಲ. ಊರಿನ ಹಸಿದ ಕಣ್ಣುಗಳೆಲ್ಲ ಗುಡಾಣದ ಮೇಲಿದ್ದವು. ಅವನು ಹಿಂದಿನ ಸಾಲಿನಲ್ಲಿ ಸಮ್ವಲ್‌ನ ಅವ್ವನನ್ನು ಹುಡುಕಿ ಮುಂದೆ ಕರೆದ. ಚಾಪೆ ಹಾಸಿ ಗುಡಾಣ ಬಗ್ಗಿಸಲು ಹೇಳಿದ.

"ಕೆಂಪು ಕಾಳು ಒಂದೂ ಬಿಡದಂಗೆ ಆರಿಸಿ ಹೊರಗೆ ಹಾಕು. ನಿನಗೆ ಈ ಕೆಲಸ ಗೊತ್ತು. ಗದ್ದೆ ವಿಷಯ ನಾಳೆ ನಿನ್ನ ಗಂಡನನ್ನ ಕಳಿಸು, ಮಾತಾಡೋಣ."

ಸಮ್ವಲ್‌ನ ಅವ್ವ ಗನ್ನನ್‌ಳ ಕಡೆ ನೋಡಲಿಲ್ಲ. ಕೂಸನ್ನು ಬೆನ್ನಿಗೆ ಬಿಗಿಯಾಗಿ ಕಟ್ಟಿಕೊಂಡು, ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಚಾಪೆಯ ಮೇಲೆ ಕೂತಳು. ಅಕ್ಕಿ ಹರವಿದಳು. ಒಂದೊಂದೇ ಕೆಂಪು ಕಾಳು ಆರಿಸಿ ಎಡ ಅಂಗೈಗೆ ಹಾಕಿಕೊಳ್ಳತೊಡಗಿದಳು. ಅವಳ ಬೆರಳು ಚುರುಕಾಗಿತ್ತು. ಗನ್ನನ್ ಗೋಡೆಗೊರಗಿ ನಿಂತು ಆ ಬೆರಳನ್ನೇ ನೋಡಿದಳು. ಚಪ್ಪಲಿಗಳ ನಡುವೆ ನಿಂತಿದ್ದ ಒಕ್ಸೆ ತುಟಿ ಕಚ್ಚಿದ. ನಾನು ಹೇಳಿರಲಿಲ್ಲವೇ ಎನ್ನುವಂತಿತ್ತು ಅವನ ನಿಲುವು.

ಅಂಗೈ ತುಂಬಿತು. ಯಜಮಾನನ ಸೊಸೆ ಒಡೆದ ಮಡಕೆಯನ್ನು ಹತ್ತಿರ ತಳ್ಳಿದಳು.

ಸಮ್ವಲ್‌ನ ಅವ್ವ ಮಡಕೆ ನೋಡಿದಳು, ಯಜಮಾನನನ್ನು ನೋಡಿದಳು. ಅಂಗೈಯನ್ನು ಬಾಯಿಗೆತ್ತಿ ಇಡೀ ಹಿಡಿಯನ್ನು ಒಳಗೆ ಹಾಕಿಕೊಂಡಳು.

ಹಸಿ ಅಕ್ಕಿ. ಹಲ್ಲಿಗೆ ಸಿಕ್ಕಿ ಕಟಕಟ ಒಡೆಯುತ್ತಿದ್ದುದು ಪರದೆಯಾಚೆಗೂ ಕೇಳಿತು. ಅಗಿಯುತ್ತಲೇ ಅವಳು ಮತ್ತೆ ಬಗ್ಗಿ, ಈ ಸಲ ಕೆಂಪು ಬಿಳಿ ನೋಡದೆ, ಚಾಪೆಯ ಅಕ್ಕಿಗೆ ಬೊಗಸೆಯಿಟ್ಟಳು.

"ಸಮ್ವಲ್, ಲಂಗ ಒಡ್ಡಿ ಹಿಡಿ," ಎಂದಳು ತುಂಬಿದ ಬಾಯಲ್ಲೇ.