ಓಡಿ ಬಂದ ಕುದುರೆಯನ್ನು ನಡೆಸಬೇಕು

"ಟರ್ಬೊ ಸಮೇತ ಈ ಕಾರನ್ನ ಲೆ ಮಾನ್‌ನಲ್ಲಿ ಇಪ್ಪತ್ನಾಲ್ಕು ಗಂಟೆ ಓಡಿಸಿ ಬಾವುಟ ದಾಟಿಸ್ತೀನಿ. ಇದು ನನ್ನ ಮಾತು."

ಲೆನ್ ಟಡನಮ್ ಹೀಗೆಂದು ಪರ್ಸಿ ಗೂಚ್‌ಗೆ ಹೇಳಿ ಏಳು ವರ್ಷವಾಗಿತ್ತು. ಆ ಮಾತು ನಂಬಿಯೇ ಪರ್ಸಿ ನ್ಯೂಮಾರ್ಕೆಟ್‌ನ ರೇಸ್ ಕುದುರೆಗಳ ಲಾಯ ಬಿಟ್ಟು, ಲೆನ್‌ನ ತಗಡಿನ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದಿದ್ದ.

ಲೆ ಮಾನ್ ರೇಸಿಗೆಂದು ಎರಡು ಸಲ ಫ್ರಾನ್ಸಿಗೆ ಹೋದರು. ಎರಡು ಸಲವೂ ಟರ್ಬೊ ಕೈಕೊಟ್ಟಿತು. ಇಂಜಿನ್ ಉಗುಳುವ ಹೊಗೆಯ ರಭಸಕ್ಕೆ ತಿರುಗಿ, ಅದೇ ಇಂಜಿನ್ನಿಗೆ ಗಾಳಿ ತುರುಕುವ ಆ ಉಕ್ಕಿನ ಬುರುಡೆಗೆ ಊರಿನ ಪಬ್ಬಿನವರು 'ಲೆನ್‌ನ ಚಹಾ ಕೆಟಲು' ಎಂದು ಹೆಸರಿಟ್ಟರು. ಮೂರನೆಯದೇ ಕೊನೆಯ ಸಲ. ಮುಂದಿನ ವರ್ಷದ ಹೊಸ ನಿಯಮದಲ್ಲಿ ಈ ಕಾರಿಗೆ ಪ್ರವೇಶವೇ ಇರಲಿಲ್ಲ.

ಆ ಚಳಿಗಾಲ ಲೆನ್ ಸತ್ತ ಟರ್ಬೊವನ್ನು ಗರಗಸದಿಂದ ಎರಡು ಹೋಳು ಮಾಡಿದ. ಎಣ್ಣೆ ಹರಿಯುವ ದಾರಿಯಲ್ಲೆಲ್ಲ ಇದ್ದಿಲು ಕಟ್ಟಿತ್ತು.

ಪರ್ಸಿ ಬಗ್ಗಿ ನೋಡಿ ನಕ್ಕ. "ಓಡಿ ಬಂದ ಕುದುರೇನ ಸೀದಾ ಲಾಯದಲ್ಲಿ ಕಟ್ಟಿದ್ರೆ ನಮ್ಮ ಯಜಮಾನ ಚಾವಟಿ ನನ್ನ ಮೇಲೇ ಬೀಸ್ತಿದ್ದ. ಬೆವರು ಆರೋ ತನಕ ನಡೆಸ್ಬೇಕು ಕಣೋ. ಪೆಟ್ರೋಲ್ ಹಾಕುವಾಗ ನೀನು ಕಾದು ಕೆಂಪಾಗಿರೋದನ್ನ ಟಪ್ ಅಂತ ಆರಿಸಿಬಿಡ್ತೀಯ. ಎಣ್ಣೆ ನಿಂತಲ್ಲೇ ಸೀದುಹೋಗುತ್ತೆ."

ಪೆಟ್ರೋಲ್ ತುಂಬುವಾಗ ಇಂಜಿನ್ ಆರಿಸಲೇಬೇಕು, ಅದು ರೇಸಿನ ಕಟ್ಟಳೆ. ಹಾಗಾಗಿ ಒಂದೇ ದಾರಿ ಉಳಿಯಿತು: ಪೆಟ್ರೋಲಿಗೆ ಒಳಗೆ ಬರುವ ಮುಂಚಿನ ಸುತ್ತನ್ನು ನಿಧಾನವಾಗಿ ಓಡಿಸಿ ಟರ್ಬೊವನ್ನು ತಣಿಸುವುದು. ಚಾಲಕರಿಗೆ ತೋರಿಸಲು ಪರ್ಸಿ ಒಂದು ಹಲಗೆಯ ಮೇಲೆ ಬರೆದ: 'ನಡೆಸು'.

ಲೆ ಮಾನ್‌ನಲ್ಲಿ ಶನಿವಾರ ಸಂಜೆ ನಾಲ್ಕಕ್ಕೆ ರೇಸ್ ಶುರುವಾಯಿತು. ಇಪ್ಪತ್ತು ಗಂಟೆ ಎಲ್ಲವೂ ಸರಿಯಾಗಿತ್ತು. ಭಾನುವಾರ ಮಧ್ಯಾಹ್ನ ಕಾರು ಎಂಟನೆಯ ಸ್ಥಾನದಲ್ಲಿತ್ತು. ಆಗ ಚಾಲಕ ಹ್ಯೂಗೊ ಹ್ಯಾಲಂ ಹಲಗೆ ಕಂಡರೂ ಕಾಣದವನಂತೆ ಶರವೇಗದಲ್ಲಿ ಒಳನುಗ್ಗಿ ಇಂಜಿನ್ ಆರಿಸಿದ.

"ನಡೆಸ್ಕೊಂಡು ಬಂದಿದ್ರೆ ಆ ನೀಲಿ ಕಾರು ನಮ್ಮನ್ನ ಹಿಂದೆ ಹಾಕ್ತಿತ್ತು," ಎಂದ.

"ಇನ್ನು ಎಲ್ಲಾ ಬಣ್ಣದ್ದೂ ಹಿಂದೆ ಹಾಕ್ತಾವೆ, ದೊರೆಗಳೇ," ಎಂದ ಪರ್ಸಿ.

ಎರಡೇ ಸುತ್ತಿಗೆ ಕಾರು ನೀಲಿ ಹೊಗೆ ಎಳೆದುಕೊಂಡು ವಾಪಸು ಬಂತು. ಟರ್ಬೊ ತಿರುಗದೆ ಹಿಡಿದುಕೊಂಡುಬಿಟ್ಟಿತ್ತು.

ಹ್ಯೂಗೊನ ಮುಖ ಸಪ್ಪಗಾಗಿತ್ತು. "ಅದನ್ನ ಕಿತ್ತುಹಾಕಿ, ಪೈಪು ಮುಚ್ಚಿಬಿಡಿ. ಹತ್ತು ನಿಮಿಷದ ಕೆಲಸ. ತೆವಳ್ಕೊಂಡಾದ್ರೂ ಗುರಿ ಮುಟ್ಟಿಸ್ತೀನಿ."

"ಹುಡುಗ ಹೇಳೋದು ಸರಿ, ಲೆನ್," ಪರ್ಸಿ ದನಿ ತಗ್ಗಿಸಿದ. "ಬೇರೆ ಟರ್ಬೊ ಹಾಕೋಕೆ ಮುಕ್ಕಾಲು ಗಂಟೆ ಬೇಕು. ನಿನ್ನ ಮಾತು ನಿನಗೇ ವಾಪಸ್ ಕೊಟ್ಟೆ, ತಗೋ."

"ವಾಪಸ್ ಕೇಳ್ದೋರು ಯಾರು? ಹದಿನಾಲ್ಕರ ಸ್ಪ್ಯಾನರ್ ಕೊಡು."

ಬಿಡಿ ಟರ್ಬೊ ಒಂದೇ ಇತ್ತು, ಅಭ್ಯಾಸದ ದಿನ ದುಡಿದು ದಣಿದದ್ದು. ಬೋಲ್ಟುಗಳು ಇನ್ನೂ ನಿಗಿನಿಗಿ ಎನ್ನುತ್ತಿದ್ದವು. ಲೆನ್‌ನ ಚರ್ಮದ ಕೈಗವಸು ಸುಟ್ಟು ವಾಸನೆ ಬಂತು. ಕಿತ್ತೆಸೆದು ಇನ್ನೊಂದು ಜೊತೆ ಹಾಕಿಕೊಂಡ. ಮೂರನೆಯ ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಪರ್ಸಿ ಬೈದ, ಸುತ್ತಿಗೆಯಿಂದ ಕುಟ್ಟಿದ, ಮತ್ತೆ ಬೈದ. ಅದು ಬಿಟ್ಟುಕೊಟ್ಟಾಗ ಇಬ್ಬರ ಮುಂಗೈಯಲ್ಲೂ ಬೊಬ್ಬೆ ಎದ್ದಿತ್ತು. ನಲವತ್ತೊಂದು ನಿಮಿಷ. ಎಂಟನೆಯದಾಗಿದ್ದ ಕಾರು ಹತ್ತೊಂಬತ್ತಕ್ಕೆ ಇಳಿಯಿತು.

ಹೊರಡುವ ಮುನ್ನ ಲೆನ್ ಕಿಟಕಿಗೆ ಬಾಗಿದ. "ನೋಡಪ್ಪಾ, ಈಗ ಯಾರನ್ನೂ ಸೋಲಿಸ್ಬೇಕಾಗಿಲ್ಲ. ನಾಲ್ಕು ಗಂಟೆಗೆ ಇದು ಓಡ್ತಾ ಇರ್ಬೇಕು, ಅಷ್ಟೇ."

"ಎಲ್ರೂ ನಗ್ತಾರೆ."

"ನಗ್ಲಿ. ನನಗೆ ಅಭ್ಯಾಸ ಆಗಿದೆ."

ಉಳಿದ ಮೂರು ಗಂಟೆಯಲ್ಲಿ ಮೂರು ಸಲ ಪೆಟ್ರೋಲಿಗೆ ಬರಬೇಕಿತ್ತು. ಮೂರು ಸಲವೂ ಲೆನ್ ತಾನೇ ಟ್ರ್ಯಾಕಿನ ಅಂಚಿನ ಗೋಡೆಯ ಮೇಲೆ ನಿಂತು ಹಲಗೆ ಹಿಡಿದ. ಮೊದಲ ಸಲ ಹ್ಯೂಗೊ ನಿಧಾನಿಸಿದಾಗ ಒಂದು ಕಾರು ದಾಟಿತು, ಎರಡನೆಯ ಸಲ ಇನ್ನೊಂದು. ಮೂರನೆಯ ಸಲ ದಾಟಲು ಹಿಂದೆ ಯಾರೂ ಇರಲಿಲ್ಲ. ಹ್ಯೂಗೊ ಆಗಲೂ ನಡೆಸಿಕೊಂಡೇ ಬಂದ.

ನಾಲ್ಕು ಗಂಟೆಗೆ ಬಾವುಟ ಬಿತ್ತು. ಕಾರು ಇಪ್ಪತ್ತೊಂದನೆಯದಾಗಿ, ಎಲ್ಲರಿಗಿಂತ ಕೊನೆಯದಾಗಿ ಗೆರೆ ದಾಟಿತು. ಟರ್ಬೊ ತಿರುಗುತ್ತಲೇ ಇತ್ತು.

ಲೆನ್ ಕೊಟ್ಟ ಮಾತನ್ನು ಉಳಿಸಿಕೊಂಡ.