ಕೊಳವೆಯಲ್ಲಿ ಬಂದ ಪಿಂಕ್ ನೀರು

ಅಪ್ಪ ನನಗೆ ದೋಣಿ ಕೊಟ್ಟಾಗ ಜೊತೆಗೊಂದು ಷರತ್ತನ್ನೂ ಕೊಟ್ಟ. ಚಳಿಗೆ ಒಮ್ಮೆ ಎಂಜಿನ್ ಒಡೆಯಿತೋ, ದೋಣಿ ತಮ್ಮ ಲೋವೆಲ್‌ಗೆ. ನಮ್ಮ ಕಾಬ್ಸ್‌ಕುಕ್ ಕೊಲ್ಲಿಯಲ್ಲಿ ಸಮುದ್ರತಳದಿಂದ ಸ್ಕಾಲಪ್ ಎಂಬ ಚಿಪ್ಪುಮೀನು ಬಾಚುವುದೇ ಚಳಿಗಾಲದಲ್ಲಿ. ಡಿಸೆಂಬರಿಗೆ ದೋಣಿಯನ್ನು ದಡಕ್ಕೆಳೆದು ಕೂತರೆ ನಾನೇನು ಮಣ್ಣು ತಿನ್ನಲೇ? ಲೋವೆಲ್‌ಗೆ ಇಂಥ ಷರತ್ತು ಎಂದೂ ಇರಲಿಲ್ಲ. ಮಗಳಲ್ಲವೇ ನಾನು, ಹಿತ್ತಲ ಗಿಡ ಮದ್ದಲ್ಲ.

ನನ್ನದು ಸಮುದ್ರದ ನೀರನ್ನೇ ಎಳೆದುಕೊಂಡು ತಣ್ಣಗಾಗುವ ಹಳೆಯ ಎಂಜಿನ್. ಆ ನೀರು ಒಳಗುಳಿದರೆ ಬೆಳಗಾಗುವಷ್ಟರಲ್ಲಿ ಮಂಜುಗಡ್ಡೆಯಾಗಿ ಕಬ್ಬಿಣವನ್ನೇ ಸೀಳುತ್ತದೆ. ಅದಕ್ಕೇ ದಿನಾ ದೋಣಿಕಟ್ಟೆಗೆ ಬಂದ ಕೂಡಲೇ, ಎಂಜಿನ್ ಇನ್ನೂ ಬಿಸಿಯಿರುವಾಗಲೇ, ಆ ಉಪ್ಪುನೀರನ್ನು ಹೊರದೂಡಲು ಹೆಪ್ಪುಗಟ್ಟದ ಪಿಂಕ್ ನೀರನ್ನು, ಅಂದರೆ ಆಂಟಿಫ್ರೀಜ್ ದ್ರವವನ್ನು, ಬಕೆಟ್ಟಿನಿಂದ ಅದಕ್ಕೆ ಕುಡಿಸುತ್ತಿದ್ದೆ. ಮೂರು ಚಳಿಗಾಲ, ಒಂದು ಬಿರುಕಿಲ್ಲ. ಅಪ್ಪ ಅದನ್ನು ಅದೃಷ್ಟ ಎನ್ನುತ್ತಿದ್ದ.

ಈ ಜನವರಿಯಲ್ಲಿ ಒಂದು ದಿನ ಹಗ್ಗಕ್ಕೆ ಸಿಕ್ಕಿ ಎಡಗೈ ಸೀಳಿತು. ಕಟ್ಟೆಯಿಂದ ನೇರ ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ನಾಲ್ಕು ತಾಸು ಕಳೆದಿತ್ತು. ಅಪ್ಪ ತಾನು ಇಟ್ಟುಕೊಂಡಿದ್ದ ಇನ್ನೊಂದು ಕೀಯಿಂದ ತಣ್ಣಗಾಗಿದ್ದ ಎಂಜಿನ್ ಶುರು ಮಾಡಿ, ಪಿಂಕ್ ನೀರಿನ ಬಕೆಟ್ ಖಾಲಿ ಮಾಡಿ ಕಟ್ಟೆಯಲ್ಲಿ ಕಾಯುತ್ತಿದ್ದ. ಕೆಲಸ ಮುಗಿದಿದೆ, ಮನೆಗೆ ಹೋಗು ಎಂದ.

ಮೊದಲು ಎಂಜಿನ್ ಕಾಯಿಸಿದೆಯಾ ಎಂದು ಕೇಳಿದೆ. ಹೊಗೆ ಕೊಳವೆಯಲ್ಲಿ ಪಿಂಕ್ ಬಂತಲ್ಲ, ಇನ್ನೇನು ಎಂದ. ಕಟ್ಟೆಯಲ್ಲಿದ್ದ ಗಂಡಸರೆಲ್ಲ ಹೌದೆಂದು ತಲೆಯಾಡಿಸಿದರು. ಪಿಂಕ್ ಬಂದರೆ ಮುಗಿಯಿತು ಎಂಬುದು ನಮ್ಮ ಕಟ್ಟೆಯ ವೇದವಾಕ್ಯ. ಆದರೆ ಎಂಜಿನ್ ತಣ್ಣಗಿದ್ದರೆ, ಬಿಸಿಯಾದಾಗ ಮಾತ್ರ ತೆರೆಯುವ ಅದರ ಒಳಬಾಗಿಲು ಮುಚ್ಚೇ ಇರುತ್ತದೆ. ಪಿಂಕ್ ನೀರು ಹೊಟ್ಟೆಗಿಳಿಯದೆ ಪಕ್ಕದಿಂದಲೇ ಹೊರಬೀಳುತ್ತದೆ. ಇದನ್ನು ಎಷ್ಟು ಸಲ ಹೇಳಿದ್ದೆನೋ! ಒಳಗೆ ಯಾವ ನೀರಿದೆ ಎಂದು ನೋಡಲು ಎಂಜಿನ್ ಅಡಿಯ ತಿರುಪು ಬಿಚ್ಚಲು ಬಗ್ಗಿದೆ.

"ನಲವತ್ತು ವರ್ಷ ದೋಣಿ ನಡೆಸಿದೀನಿ ಕಣೇ. ನನ್ನ ಕೆಲಸಾನ ನೀನು ಪರೀಕ್ಷೆ ಮಾಡ್ತೀಯಾ? ಮುಟ್ಟು ನೋಡೋಣ," ಎಂದ ಅಪ್ಪ.

ಎಲ್ಲರೆದುರು ಅಪ್ಪನ ಮರ್ಯಾದೆ ತೆಗೆಯಬೇಡ ಅಕ್ಕಾ ಎಂದು ಪಕ್ಕದಲ್ಲಿ ನಿಂತಿದ್ದ ಲೋವೆಲ್ ಗೊಣಗಿದ. ನಾನು ಒಂದೇ ಕೈಯಲ್ಲಿ ತಿರುಪು ಬಿಚ್ಚಿದೆ. ಬಳಬಳನೆ ನೀರು ಸುರಿಯಿತು. ಬರೀ ಉಪ್ಪುನೀರು, ಒಂದು ಹನಿ ಪಿಂಕ್ ಇಲ್ಲ. ತಲೆಯಾಡಿಸಿದವರೆಲ್ಲ ತಮ್ಮ ತಮ್ಮ ದೋಣಿಗಳ ಕಡೆ ನೋಡತೊಡಗಿದರು.

"ನಾನು ನಿನ್ನ ಮಾತು ಕೇಳ್ಕೊಂಡು ಮನೆಗೆ ಹೋಗಿದ್ರೆ ಇದು ಬೆಳಗ್ಗೆ ಒಡೆದಿರೋದು," ಎಂದೆ. "ಆಗ ಯಾರ ತಪ್ಪು ಅಂತ ಹೇಳ್ತಿದ್ದೆ, ಅಪ್ಪ?"

ಅಪ್ಪ ಹಠಮಾರಿ, ಆದರೆ ಸುಳ್ಳುಗಾರನಲ್ಲ.

"ನಿಂದೇ ಅಂತಿದ್ದೆ," ಎಂದ. "ದೋಣೀನ ಅವನಿಗೆ ಕೊಡ್ತಿದ್ದೆ."

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ, ನೋಡುವವರು ನೋಡಲಿ. ಚೆನ್ನಾಗಿದ್ದ ಕೈಯನ್ನು ಅವನ ಮುಂದೆ ಚಾಚಿದೆ.

"ನಿನ್ನ ಷರತ್ತು ಇವತ್ತಿಗೆ ಮುಗೀತು. ಆ ಕೀ ಕೊಡು."

ಲೋವೆಲ್ ಏನೋ ಹೇಳಹೊರಟ. ಅಪ್ಪ ಕೈಯೆತ್ತಿ ತಡೆದ. ಗೊಂಚಲಿನಿಂದ ಕೀ ಬಿಡಿಸಲು ಅವನ ಮರಗಟ್ಟಿದ ಬೆರಳುಗಳಿಗೆ ಬಹಳ ಹೊತ್ತು ಹಿಡಿಯಿತು. ನಾನು ಸಹಾಯ ಮಾಡಲಿಲ್ಲ.